ಪುಟ್ಟ ವಿಮಾನದಲ್ಲಿ ಏನನ್ನು ಬಿಡಬೇಕು?

(ಮಂಗಳೂರಿನ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅಲ್ಲಿನ ವೆಸ್ಟ್ರೇ ದ್ವೀಪದಿಂದ ಪಕ್ಕದ ಪಾಪಾ ವೆಸ್ಟ್ರೇ ದ್ವೀಪಕ್ಕೆ ಲೋಗನೇರ್ ಸಂಸ್ಥೆಯ ವಿಮಾನ ಸಂಚಾರ ಶುರುವಾದದ್ದು 1967ರಲ್ಲಿ. ದೂರ 2.7 ಕಿಲೋಮೀಟರ್. ಹಂಪನಕಟ್ಟೆಯಿಂದ ಪಂಪ್‌ವೆಲ್‌ಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ವೇಳಾಪಟ್ಟಿಯಲ್ಲಿ ಈ ಹಾರಾಟಕ್ಕೆ ಕೊಟ್ಟಿರುವ ಸಮಯ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದ ಒಂದು ದಿನ 53 ಸೆಕೆಂಡಿನಲ್ಲೇ ಮುಗಿದದ್ದೂ ದಾಖಲಾಗಿದೆ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಎಂದು ಇದರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ನಾವು ಓದಿ, ನಕ್ಕು, ಪುಟ ತಿರುಗಿಸುತ್ತೇವೆ.

ಪಾಪಾ ವೆಸ್ಟ್ರೇಯಲ್ಲಿ ನೂರು ಜನರೂ ಇಲ್ಲ. ಅಲ್ಲಿನವರಿಗೆ ಅದು ಬಸ್ಸು. ಮೇಷ್ಟ್ರು, ಡಾಕ್ಟರು, ರೋಗಿಗಳು, ಅಂಚೆ ಎಲ್ಲವೂ ಅದರಲ್ಲೇ ಬಂದು ಹೋಗುತ್ತವೆ. ಆ ಸಂಚಾರ ನಡೆಯುತ್ತಿರುವುದು ಅಲ್ಲಿನ ಸ್ಥಳೀಯ ಆಡಳಿತದ ಹಣದ ನೆರವಿನಿಂದ. ಈ ಕೆಲಸವನ್ನು ಅರ್ಧ ಶತಮಾನಕ್ಕೂ ಮೀರಿ ಮಾಡಿಕೊಂಡು ಬಂದಿರುವ ವಿಮಾನದ ಹೆಸರು ಬ್ರಿಟನ್-ನಾರ್ಮನ್ ಐಲ್ಯಾಂಡರ್. ಎರಡು ಎಂಜಿನ್, ಒಂಬತ್ತು ಪ್ರಯಾಣಿಕರು. ಇವತ್ತು ಈ ವಿಮಾನವನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಅಲ್ಲಿಂದ ನಮ್ಮ ಬೆಂಗಳೂರಿನ ‘ಸರಸ್’ ವಿಮಾನಕ್ಕೆ ಬರುತ್ತೇನೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಪುಟ್ಟ ವಿಮಾನದ ವಿನ್ಯಾಸದಲ್ಲಿ ಅತಿ ಕಷ್ಟದ ತೀರ್ಮಾನ ಯಾವುದು ಎಂಬುದು ಕಾಣಿಸುತ್ತದೆ. ಏನನ್ನು ಸೇರಿಸಬೇಕು ಎಂಬುದನ್ನು ಎಲ್ಲರೂ ಹೇಳಬಲ್ಲರು. ಏನನ್ನು ಬಿಡಬೇಕು ಎಂದು ಹೇಳಲು ಧೈರ್ಯ ಬೇಕು.

ಜಾನ್ ಬ್ರಿಟನ್ ಮತ್ತು ಡೆಸ್ಮಂಡ್ ನಾರ್ಮನ್ ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದ ಬೆಂಬ್ರಿಜ್‌ನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಗೆಳೆಯರು. ವಿಮಾನದಿಂದ ಬೆಳೆಗೆ ಔಷಧ ಸಿಂಪಡಿಸುವ ವ್ಯವಹಾರ ಅವರದು. ಆಫ್ರಿಕದ ಕ್ಯಾಮರೂನ್‌ನಲ್ಲಿ ಒಂದು ಸಣ್ಣ ವಿಮಾನ ಸಂಸ್ಥೆಯಲ್ಲೂ ಅವರಿಗೆ ಪಾಲು ಇತ್ತು. ಆ ಸಂಸ್ಥೆಗೆ ಹೊಂದುವ ವಿಮಾನ ಮಾರುಕಟ್ಟೆಯಲ್ಲಿ ಸಿಗಲಿಲ್ಲ. 1930ರ ದಶಕದ, ಮರ ಮತ್ತು ಬಟ್ಟೆಯ ಡ್ರ್ಯಾಗನ್ ರ‍್ಯಾಪಿಡ್ ವಿಮಾನಗಳು ಮುದಿಯಾಗಿದ್ದವು. ಅವುಗಳ ಜಾಗಕ್ಕೆ ಬಂದ ಹೊಸ ವಿಮಾನಗಳೆಲ್ಲ ಸಾಹುಕಾರರ ಸವಾರಿಗೆ ಎಂದು ಮಾಡಿದಂಥವು: ವೇಗ ಹೆಚ್ಚು, ಬೆಲೆ ಹೆಚ್ಚು, ಮಣ್ಣಿನ ರನ್‌ವೇಯಲ್ಲಿ ಇಳಿಸಲು ಭಯ. ಅಂದರೆ ಇವರು ವಿಮಾನ ಮಾಡಿ ಗಿರಾಕಿಯನ್ನು ಹುಡುಕಿಕೊಂಡು ಹೊರಟವರಲ್ಲ. ತಾವೇ ಮೊದಲ ಗಿರಾಕಿಗಳಾಗಿದ್ದರು. ದಾರಿ ಎಷ್ಟು ಉದ್ದ, ಸರಕು ಎಷ್ಟು, ರಿಪೇರಿ ಮಾಡುವವನ ಕೈಯಲ್ಲಿ ಯಾವ ಸಲಕರಣೆ ಇರುತ್ತದೆ, ಇಷ್ಟು ಗೊತ್ತಿದ್ದೇ ಡ್ರಾಯಿಂಗ್ ಹಲಗೆಯ ಮುಂದೆ ಕೂತರು.

ಮೊದಲ ಹಾರಾಟ 1965ರ ಜೂನ್ 13ರಂದು. ಅದಕ್ಕೆ ನಾಲ್ಕು ವಾರ ಕೂಡ ಮೊದಲಲ್ಲ, ಮೇ 20ರಂದು, ಕೆನಡಾದಲ್ಲಿ ಟ್ವಿನ್ ಆಟರ್ ಎಂಬ ಇನ್ನೊಂದು ವಿಮಾನ ಮೊದಲ ಬಾರಿ ಹಾರಿತ್ತು. ಈ ವರ್ಗದ ಎರಡು ದೊಡ್ಡ ಹೆಸರುಗಳು ಒಂದೇ ಬೇಸಿಗೆಯಲ್ಲಿ ಹುಟ್ಟಿದವು. ಟ್ವಿನ್ ಆಟರ್ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಐಲ್ಯಾಂಡರ್‌ನ ಒಳಗೆ ಹೋಗೋಣ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು.

ರೆಕ್ಕೆಯನ್ನು ನೋಡಿ. ಬುಡದಿಂದ ತುದಿಯವರೆಗೆ ಒಂದೇ ಅಗಲ, ಹಲಗೆಯ ಹಾಗೆ. ನೀವು ವಾಯುಬಲವಿಜ್ಞಾನದ ಮೊದಲ ಪಾಠದಲ್ಲೇ ಕಲಿತಿರುತ್ತೀರಿ, ತುದಿಗೆ ಹೋದಂತೆ ಕಿರಿದಾಗುವ ರೆಕ್ಕೆಗೆ ಗಾಳಿಯ ಎಳೆತ ಕಡಿಮೆ, ತೂಕವೂ ಕಡಿಮೆ ಎಂದು. ಅದು ನಿಜ. ಆದರೆ ಒಂದೇ ಅಗಲದ ರೆಕ್ಕೆಯಲ್ಲಿ ಒಳಗಿನ ರಿಬ್‌ಗಳ, ಅಂದರೆ ರೆಕ್ಕೆಗೆ ರೂಪ ಕೊಡುವ ಅಡ್ಡಪಟ್ಟಿಗಳ, ಆಕಾರವೆಲ್ಲ ಒಂದೇ. ಒಂದು ಅಚ್ಚು ಮಾಡಿದರೆ ಸಾಲುಸಾಲಾಗಿ ತೆಗೆಯಬಹುದು. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಹತ್ತು ಹದಿನೈದು ನಿಮಿಷ ಹಾರುವ ವಿಮಾನಕ್ಕೆ ಕಿರಿದಾಗುವ ರೆಕ್ಕೆಯಿಂದ ಉಳಿಯುವ ಇಂಧನ ಎಷ್ಟು, ಅದನ್ನು ಮಾಡಲು ತಗಲುವ ಹೆಚ್ಚಿನ ಖರ್ಚು ಎಷ್ಟು ಎಂದು ಅವರು ಲೆಕ್ಕ ಹಾಕಿದರು. ಕಿರಿದಾಗುವ ರೆಕ್ಕೆಯನ್ನು ಬಿಟ್ಟರು. ಒಂದೇ ಅಗಲದ ರೆಕ್ಕೆಗೆ ಇನ್ನೊಂದು ಒಳ್ಳೆಯ ಗುಣವಿದೆ. ವೇಗ ತೀರ ಕಡಿಮೆಯಾದಾಗ ಅದು ಮೊದಲು ಬುಡದಲ್ಲಿ ಎತ್ತುವ ಬಲ ಕಳೆದುಕೊಳ್ಳುತ್ತದೆ, ತುದಿಯಲ್ಲಿ ಹಿಡಿತ ಇನ್ನೂ ಉಳಿದಿರುತ್ತದೆ. ಚಿಕ್ಕ ರನ್‌ವೇಗೆ ನಿಧಾನವಾಗಿ ಇಳಿಯುವ ಪೈಲಟ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಗಾಲಿಗಳು ಒಳಗೆ ಮಡಚುವುದಿಲ್ಲ, ಯಾವಾಗಲೂ ಕೆಳಗೇ ಇರುತ್ತವೆ. ಎರಡು ನಿಮಿಷದ ಹಾರಾಟದಲ್ಲಿ ಗಾಲಿ ಮೇಲೆ ಹೋಗಿ ಕೂರುವಷ್ಟರಲ್ಲಿ ಮತ್ತೆ ಕೆಳಗೆ ಬಿಡುವ ಹೊತ್ತು ಆಗಿರುತ್ತದೆ. ಮಡಚುವ ಗಾಲಿ ಎಂದರೆ ಹೈಡ್ರಾಲಿಕ್ ಪಂಪು, ಕೊಳವೆ, ಬೀಗ, ಸ್ವಿಚ್ಚು. ಪ್ರತಿಯೊಂದಕ್ಕೂ ತೂಕ, ಪ್ರತಿಯೊಂದಕ್ಕೂ ತಪಾಸಣೆ. ದಿನಕ್ಕೆ ಹತ್ತಾರು ಸಲ ಏರಿ ಇಳಿಯುವ ವಿಮಾನದಲ್ಲಿ ಅವು ಬಹಳ ಬೇಗ ಸವೆಯುತ್ತವೆ. ಇವರು ಗಾಲಿಯ ಕಾಲುಗಳನ್ನು ಎಂಜಿನ್‌ಗಳ ಹಿಂದೆ ರೆಕ್ಕೆಗೇ ಕೂರಿಸಿದರು. ಎರಡು ಗಾಲಿಗಳ ನಡುವೆ ಅಗಲ ಸಿಕ್ಕಿತು, ಅಡ್ಡಗಾಳಿಯಲ್ಲಿ ಇಳಿದಾಗ ವಿಮಾನ ಗಟ್ಟಿಯಾಗಿ ನಿಲ್ಲುವಂತಾಯಿತು.

ನನಗೆ ಅತ್ಯಂತ ಇಷ್ಟವಾದದ್ದು ಒಳಗಿನ ನಡುದಾರಿಯನ್ನು ತೆಗೆದುಹಾಕಿದ್ದು. ನಡುದಾರಿ ಬೇಕೆಂದರೆ ವಿಮಾನದ ಒಡಲು ಅಗಲವಾಗಬೇಕು, ಅಗಲವಾದರೆ ಗಾಳಿಯ ಎಳೆತ ಹೆಚ್ಚು, ಎಳೆತ ಹೆಚ್ಚಾದರೆ ದೊಡ್ಡ ಎಂಜಿನ್ ಬೇಕು, ದೊಡ್ಡ ಎಂಜಿನ್‌ಗೆ ಹೆಚ್ಚು ಇಂಧನ, ಇಂಧನದ ತೂಕಕ್ಕೆ ದೊಡ್ಡ ರೆಕ್ಕೆ. ಅವರು ಎರಡೂ ಬದಿಗೆ ಬಾಗಿಲಿಟ್ಟು, ಕಾರಿಗೆ ಹತ್ತಿದಂತೆ ಹೊರಗಿನಿಂದ ನೇರವಾಗಿ ಸೀಟಿಗೇ ಹತ್ತುವ ವ್ಯವಸ್ಥೆ ಮಾಡಿದರು. ಒಡಲಿನ ಒಳ ಅಗಲ ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಒಬ್ಬರೇ ಪೈಲಟ್, ಅವರ ಪಕ್ಕದ ಸೀಟೂ ಪ್ರಯಾಣಿಕರದೇ. ಕ್ಯಾಬಿನ್‌ಗೆ ಗಾಳಿಯ ಒತ್ತಡ ತುಂಬುವ ಏರ್ಪಾಡು ಇಲ್ಲ, ಏಕೆಂದರೆ ಅಷ್ಟು ಎತ್ತರಕ್ಕೆ ಹೋಗುವ ಕೆಲಸವೇ ಇಲ್ಲ.

ಹೀಗೆ ಒಂದೊಂದನ್ನೇ ಬಿಡುತ್ತ ಹೋದ ಮೇಲೆ ಉಳಿದದ್ದು ಹೊರೆ ಸಮೇತ ಮೂರು ಟನ್ನಿಗೆ ಸ್ವಲ್ಪ ಕಡಿಮೆ ತೂಗುವ, 260 ಅಶ್ವಶಕ್ತಿಯ ಎರಡು ಲೈಕಮಿಂಗ್ ಪಿಸ್ಟನ್ ಎಂಜಿನ್‌ಗಳ ವಿಮಾನ. ಇದು ಮೊದಲ ಏಟಿಗೇ ಸರಿಬಂತು ಎಂದುಕೊಳ್ಳಬೇಡಿ. ಮೊದಲ ಮಾದರಿಯಲ್ಲಿ ಎಂಜಿನ್ 210 ಅಶ್ವಶಕ್ತಿಯದು, ರೆಕ್ಕೆ 45 ಅಡಿಯದು. ಹಾರಿಸಿ ನೋಡಿದ ಮೇಲೆ ಸಾಲದು ಎಂದು ತಿಳಿದು ಎಂಜಿನ್ ಬದಲಿಸಿದರು, ರೆಕ್ಕೆಯನ್ನು 49 ಅಡಿಗೆ ಹಿಗ್ಗಿಸಿದರು. ಆ ಮೊದಲ ಮಾದರಿ 1966ರ ನವೆಂಬರಿನಲ್ಲಿ ನೆದರ್ಲೆಂಡ್ಸ್‌ನಲ್ಲಿ ಅಪಘಾತಕ್ಕೀಡಾಗಿ ಪೈಲಟ್ ಪ್ರಾಣ ಕಳೆದುಕೊಂಡರು. ಮರುವರ್ಷದ ಆಗಸ್ಟಿನಲ್ಲಿ ವಿಮಾನಕ್ಕೆ ಪ್ರಮಾಣಪತ್ರ ಸಿಕ್ಕಿತು.

ಎರಡು ಎಂಜಿನ್ ಯಾಕೆ ಎಂದು ಕೇಳುತ್ತೀರಿ. ಒಂದು ನಿಂತರೆ ಇನ್ನೊಂದು ಇರುತ್ತದೆ ಎಂಬ ಉತ್ತರ ಅರ್ಧ ಮಾತ್ರ ಸರಿ. ಒಂದು ಎಂಜಿನ್ ಹೋದರೆ ಶಕ್ತಿ ಅರ್ಧವಾಗುತ್ತದೆ. ಏರುವ ಸಾಮರ್ಥ್ಯ ಅರ್ಧವಾಗುವುದಿಲ್ಲ, ಬಹುಪಾಲು ಹೋಗಿಬಿಡುತ್ತದೆ. ಹೇಗೆಂದು ನೋಡಿ. ಎರಡೂ ಎಂಜಿನ್ ಸೇರಿ 400 ಅಶ್ವಶಕ್ತಿ ಪ್ರೊಪೆಲ್ಲರ್‌ಗಳ ಮೂಲಕ ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಏರದೆ ಇಳಿಯದೆ ಸುಮ್ಮನೆ ಹಾರುತ್ತಿರುವುದಕ್ಕೇ 170 ಬೇಕು. ಮಿಕ್ಕ 230 ಮೇಲೇರಲು. ಈಗ ಒಂದು ನಿಂತಿತು. ಸಿಗುವುದು 200, ಬೇಕಾದದ್ದು 170, ಮೇಲೇರಲು ಉಳಿದದ್ದು 30. ನಿಂತ ಎಂಜಿನ್‌ನ ಎಳೆತ, ವಿಮಾನ ಒಂದು ಕಡೆಗೆ ತಿರುಗದಂತೆ ಚುಕ್ಕಾಣಿ ಒತ್ತಿ ಹಿಡಿಯುವುದರ ಎಳೆತ, ಇವೆರಡನ್ನೂ ಕಳೆದರೆ ಅದೂ ಕರಗುತ್ತದೆ. ಐಲ್ಯಾಂಡರ್ ತುಂಬಿದ ತೂಕದಲ್ಲಿ ಎರಡು ಎಂಜಿನ್ ಮೇಲೆ ನಿಮಿಷಕ್ಕೆ ಸುಮಾರು 860 ಅಡಿ ಏರುತ್ತದೆ, ಒಂದರ ಮೇಲೆ ಸುಮಾರು 145 ಅಡಿ. ಆದ್ದರಿಂದ ಈ ವರ್ಗದಲ್ಲಿ ತೂಕಕ್ಕೆ ಇಷ್ಟು ಬೆಲೆ. ನೂರು ಕಿಲೋ ಹೆಚ್ಚಾದರೂ ಆ ಪೆಟ್ಟು ಬೀಳುವುದು ಈ ತೆಳುವಾದ ಅಂಚಿನ ಮೇಲೆ.

ವಿಮಾನ ಗೆದ್ದರೂ ಕಂಪನಿ ಏಳುಬೀಳು ಕಂಡಿತು. 1971ರಲ್ಲಿ ಸಾಲದ ಸುಳಿಗೆ ಸಿಕ್ಕಿತು, 1972ರಲ್ಲಿ ಫೇರಿ ಕಂಪನಿಯ ಕೈಸೇರಿತು. ಆ ಕಂಪನಿಯೂ 1977ರಲ್ಲಿ ಬಿತ್ತು. 1979ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಕೊಂಡಿತು. ಇಷ್ಟಾದರೂ ತಯಾರಿಕೆ ನಿಲ್ಲಲಿಲ್ಲ. ನೂರಾರು ಐಲ್ಯಾಂಡರ್‌ಗಳು ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ತಯಾರಾದವು. ಎಲ್ಲ ಸೇರಿ 1,200ಕ್ಕೂ ಹೆಚ್ಚು. ನಮ್ಮ ನೌಕಾಪಡೆ ಕೂಡ 1976ರಿಂದ ಕೊಚ್ಚಿಯಲ್ಲಿ ಇವನ್ನು ಇಟ್ಟುಕೊಂಡಿತ್ತು.

ಇನ್ನು ಸರಸ್. ಈ ಭಾಗವನ್ನು ನಾನು ಬೇಸರದಿಂದಲೂ ಗೌರವದಿಂದಲೂ ಹೇಳುತ್ತೇನೆ.

ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ನಾವು ಎನ್‌ಎಎಲ್ ಎನ್ನುತ್ತೇವಲ್ಲ, ಅಲ್ಲಿ 1980ರ ದಶಕದಲ್ಲೇ ಹಗುರ ಸಾಗಣೆ ವಿಮಾನವೊಂದರ ಯೋಚನೆ ಶುರುವಾಗಿತ್ತು. 90ರ ದಶಕದ ಮೊದಲಲ್ಲಿ ರಷ್ಯಾದ ಮ್ಯಾಸಿಶ್ಚೆವ್ ವಿನ್ಯಾಸ ಸಂಸ್ಥೆಯೊಂದಿಗೆ ಕೈಜೋಡಿಸಿದರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅವರಲ್ಲಿ ಹಣ ಉಳಿಯಲಿಲ್ಲ, ಜೊತೆಗಾರಿಕೆ ಅಲ್ಲಿಗೆ ಮುಗಿಯಿತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧಗಳ ಹೊಡೆತವೂ ಬಿತ್ತು. ಇದನ್ನೆಲ್ಲ ದಾಟಿ 1999ರಲ್ಲಿ ಸರ್ಕಾರದ ಮಂಜೂರಾತಿ ಸಿಕ್ಕಿತು. 2004ರ ಮೇ 29ರಂದು ಸರಸ್ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿಗೆ ಮೇಲೇರಿತು. ನಾಗರಿಕ ಪ್ರಯಾಣಕ್ಕೆಂದು ನಮ್ಮವರೇ ರೂಪಿಸಿದ ಇಂಥ ವಿಮಾನ ಅದಕ್ಕೂ ಮುಂಚೆ ಈ ದೇಶದಲ್ಲಿ ಹಾರಿರಲಿಲ್ಲ. ಅದನ್ನು ಮಾಡಿದವರ ಶ್ರಮವನ್ನು ಕಡಿಮೆ ಮಾಡುವ ಮಾತು ನನ್ನ ಬಾಯಿಂದ ಬರುವುದಿಲ್ಲ.

ಆದರೆ ಆ ವಿಮಾನದಿಂದ ಏನೇನು ಬಯಸಿದ್ದರು ನೋಡಿ. 14 ಸೀಟು. ಸುಮಾರು 30,000 ಅಡಿ ಎತ್ತರ. ಗಂಟೆಗೆ 500 ಕಿಲೋಮೀಟರ್ ದಾಟುವ ವೇಗ. ಒತ್ತಡ ತುಂಬಿದ ಕ್ಯಾಬಿನ್. ಮಡಚುವ ಗಾಲಿ. ಹಿಂಬದಿಯಲ್ಲಿ ಎಂಜಿನ್, ಎಂಜಿನ್‌ನ ಹಿಂದೆ ತಿರುಗಿ ವಿಮಾನವನ್ನು ತಳ್ಳುವ ಪ್ರೊಪೆಲ್ಲರ್. ಅಧಿಕಾರಿಗಳ ಪ್ರಯಾಣಕ್ಕೂ ಆಗಬೇಕು, ಆಂಬುಲೆನ್ಸ್ ಆಗಬೇಕು, ಸರಕು ಹೊರಬೇಕು, ಸಣ್ಣ ಊರಿಗೆ ಪ್ರಯಾಣಿಕರನ್ನೂ ಒಯ್ಯಬೇಕು. ಪ್ರತಿಯೊಂದಕ್ಕೂ ಒಳ್ಳೆಯ ಕಾರಣವಿತ್ತು. ತಳ್ಳುವ ಪ್ರೊಪೆಲ್ಲರ್ ಇದ್ದರೆ ಒಳಗೆ ಸದ್ದು ಕಡಿಮೆ, ರೆಕ್ಕೆಯ ಮೇಲೆ ಗಾಳಿ ಕದಡದೆ ಹರಿಯುತ್ತದೆ. ಎತ್ತರದಲ್ಲಿ ಹಾರಿದರೆ ಇಂಧನ ಉಳಿತಾಯ, ಮೋಡದ ಮೇಲೆ ಹೋಗಬಹುದು. ಯಾವುದನ್ನೂ ತಪ್ಪೆನ್ನಲಾಗದು. ಎಲ್ಲವೂ ಒಂದೇ ವಿಮಾನದಲ್ಲಿ ಬೇಕು ಎಂದದ್ದು ಭಾರವಾಯಿತು.

ಭಾರ ಎಂಬುದನ್ನು ಇಲ್ಲಿ ಇದ್ದ ಹಾಗೆಯೇ ತೆಗೆದುಕೊಳ್ಳಿ. ಖಾಲಿ ವಿಮಾನ ಸುಮಾರು 4,100 ಕಿಲೋ ಇರಬೇಕೆಂದು ಲೆಕ್ಕ ಹಾಕಿದ್ದರು. ಮೊದಲ ಮಾದರಿ ತೂಗಿದ್ದು ಸುಮಾರು 5,100 ಕಿಲೋ. ಸಾಮಾನು ಸಮೇತ ಒಬ್ಬ ಪ್ರಯಾಣಿಕರಿಗೆ 90 ಕಿಲೋ ಹಿಡಿದರೆ, ಹೆಚ್ಚಾದ ತೂಕ 11 ಮಂದಿಗೆ ಸಮ. ವಿಮಾನದಲ್ಲಿ ಇರುವುದೇ 14 ಸೀಟು. ಎರಡನೆಯ ಮಾದರಿಗೆ 850 ಅಶ್ವಶಕ್ತಿಯ ಎಂಜಿನ್ ಬದಲು 1,200ರದನ್ನು ಹಾಕಿದರು. 2007ರ ಏಪ್ರಿಲ್‌ನಲ್ಲಿ ಅದು ಹಾರಿತು.

2009ರ ಮಾರ್ಚ್ 6ರಂದು ಆ ಎರಡನೆಯ ಮಾದರಿ ಬಿಡದಿಯ ಬಳಿ ಶೇಷಗಿರಿಹಳ್ಳಿಯಲ್ಲಿ ಬಿತ್ತು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೃತಪಟ್ಟರು. ಆಕಾಶದಲ್ಲಿ ಒಂದು ಎಂಜಿನ್ ಅನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆಸುತ್ತಿದ್ದರು. ಚಾಲೂ ಮಾಡಲು ರೂಪಿಸಿಕೊಟ್ಟಿದ್ದ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಲಲಿಲ್ಲ ಎಂದು ತನಿಖೆ ಹೇಳಿತು. ಒಂದು ಎಂಜಿನ್ ನಿಂತಾಗ ಏನಾಗುತ್ತದೆ ಎಂದು ಆಗಲೇ ಅಂಕಿಗಳಲ್ಲಿ ಹೇಳಿದೆನಲ್ಲ, ಅದನ್ನು ತಿಳಿಯಲು ಯಾರಾದರೂ ಮೇಲೆ ಹೋಗಿ ಎಂಜಿನ್ ನಿಲ್ಲಿಸಿ ನೋಡಲೇಬೇಕು. ಈ ಮೂವರು ಮಾಡುತ್ತಿದ್ದ ಕೆಲಸ ಅದು. ನೀವು ಸಣ್ಣ ವಿಮಾನದಲ್ಲಿ ನಿಶ್ಚಿಂತೆಯಿಂದ ಕೂರುವ ದಿನ ಇಂಥವರ ಹೆಸರು ನೆನಪಿರಲಿ.

ಆಮೇಲೆ ಯೋಜನೆ ಹಲವು ವರ್ಷ ಸೊರಗಿತು, ನಿಂತೇಹೋಯಿತು ಎನ್ನುವಂತಾಗಿ ಮತ್ತೆ ಚಿಗುರಿತು. ಮೊದಲ ಮಾದರಿಯನ್ನೇ ತಿದ್ದಿ 2018ರ ಜನವರಿ 24ರಂದು ಹಾರಿಸಿದರು, ಫೆಬ್ರವರಿ 21ರಂದು ಇನ್ನೊಮ್ಮೆ. ಮುಂದಿನ ಹೆಜ್ಜೆಯಾಗಿ 19 ಸೀಟಿನ ಸರಸ್ ಮಾರ್ಕ್-2 ರೂಪಿಸುವ ಕೆಲಸ ಕೈಗೆತ್ತಿಕೊಂಡರು. 19 ಎಂಬ ಸಂಖ್ಯೆ ಎಲ್ಲಿಂದ ಬಂತು? ಅಮೆರಿಕದ ನಿಯಮದಂತೆ 19 ಸೀಟು ದಾಟಿದರೆ ಗಗನಸಖಿ ಇರಲೇಬೇಕು. ಈ ವರ್ಗಕ್ಕೆ ಪ್ರಮಾಣಪತ್ರ ಕೊಡುವ ನಿಯಮಾವಳಿಯ ಮಿತಿಯೂ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಜಗತ್ತಿನ ಎಷ್ಟೋ ಪುಟ್ಟ ವಿಮಾನಗಳು 19 ಸೀಟಿಗೇ ಬಂದು ನಿಂತಿವೆ.

ಹಾಗಾದರೆ ಐಲ್ಯಾಂಡರ್ ತರಹದ್ದನ್ನೇ ನಾವೂ ಮಾಡಬೇಕಿತ್ತೇ? ಇಲ್ಲ. ಅದಕ್ಕೆ ಬೇಕಾದ ಏವಿಯೇಷನ್ ಪೆಟ್ರೋಲ್ ನಮ್ಮಲ್ಲಿ ಎಲ್ಲ ನಿಲ್ದಾಣಗಳಲ್ಲೂ ಸಿಗುವ ವಸ್ತುವಲ್ಲ. 2022ರವರೆಗೆ ಹೊರದೇಶದಿಂದ ತರಿಸುತ್ತಿದ್ದೆವು, ಆ ವರ್ಷವಷ್ಟೇ ಇಂಡಿಯನ್ ಆಯಿಲ್‌ನವರು ವಡೋದರಾದಲ್ಲಿ ತಯಾರಿಸಲು ಶುರುಮಾಡಿದರು. ಜೆಟ್ ಇಂಧನ ಕುಡಿದು ಪ್ರೊಪೆಲ್ಲರ್ ತಿರುಗಿಸುವ ಟರ್ಬೊಪ್ರಾಪ್ ಎಂಜಿನ್ ನಮಗೆ ಬೇಕೇಬೇಕು. ಬೆಂಗಳೂರು 3,000 ಅಡಿ ಎತ್ತರದಲ್ಲಿದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನವನ್ನು ನಾನು ವರ್ಣಿಸಬೇಕಿಲ್ಲ. ಬಿಸಿ ಗಾಳಿ ತೆಳು, ತೆಳು ಗಾಳಿಯಲ್ಲಿ ರೆಕ್ಕೆಯೂ ಎಂಜಿನ್ನೂ ಸೋಲುತ್ತವೆ. ಇನ್ನು ಜುಲೈಯಲ್ಲಿ ಘಟ್ಟದ ಮೇಲಿನ ಮೋಡ. ಅಂದರೆ ಶಕ್ತಿಯಲ್ಲಿ ನಾವು ಜಿಪುಣತನ ಮಾಡುವಂತಿಲ್ಲ. ಬಿಡಬಹುದಾದದ್ದು ಬೇರೆ: ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗಲು 30,000 ಅಡಿ ಬೇಕಿಲ್ಲ, ಆದ್ದರಿಂದ ಒತ್ತಡದ ಕ್ಯಾಬಿನ್ ಬೇಕಿಲ್ಲ.

ಅಂಥ ವಿಮಾನವೊಂದು ನಮ್ಮ ದೇಶದಲ್ಲೇ ತಯಾರಾಗುತ್ತಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಜರ್ಮನಿಯ ಡಾರ್ನಿಯರ್ 228 ವಿಮಾನವನ್ನು 1983ರ ಒಪ್ಪಂದದಂತೆ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುತ್ತಿದೆ. 19 ಸೀಟು, ಎರಡು ಟರ್ಬೊಪ್ರಾಪ್, ಒತ್ತಡವಿಲ್ಲದ ಕ್ಯಾಬಿನ್. ದಶಕಗಳ ಕಾಲ ಅದು ಹೆಚ್ಚಾಗಿ ಹೋದದ್ದು ಕರಾವಳಿ ಕಾವಲು ಪಡೆ, ನೌಕಾಪಡೆ, ವಾಯುಪಡೆಗಳಿಗೆ. 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್‌ನ ಡಾರ್ನಿಯರ್ ಅಸ್ಸಾಮಿನ ದಿಬ್ರೂಗಢದಿಂದ ಅರುಣಾಚಲದ ಪಾಸೀಘಾಟ್‌ಗೆ ಪ್ರಯಾಣಿಕರನ್ನು ಒಯ್ದಿತು. ಅಷ್ಟು ತಡವಾಗಿ ಬಂತಲ್ಲ ಎಂದು ನನಗೆ ಸಂಕಟವಾಗುತ್ತದೆ.

ನಮ್ಮ ರಾಜ್ಯವನ್ನೇ ನೋಡಿ. ಶಿವಮೊಗ್ಗದಲ್ಲಿ 2023ರಲ್ಲಿ 3.2 ಕಿಲೋಮೀಟರ್ ರನ್‌ವೇ ತೆರೆದೆವು. ಎಪ್ಪತ್ತಕ್ಕೂ ಹೆಚ್ಚು ಸೀಟಿನ ಎಟಿಆರ್ ಬಂತು, ಸಂತೋಷ. ಬೀದರಿಗೆ 2020ರಲ್ಲಿ ಶುರುವಾದ ಸಂಚಾರ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು, ಇನ್ನೊಮ್ಮೆ ಶುರುವಾಯಿತು. ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆಯ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ. ಅಷ್ಟರೊಳಗೆ ದೊಡ್ಡ ವಿಮಾನವನ್ನು ತುಂಬಿಸುವಷ್ಟು ಜನ ಹುಟ್ಟಿಕೊಳ್ಳಬೇಕು. ದಿನಕ್ಕೆ ಒಂದು ದೊಡ್ಡ ವಿಮಾನಕ್ಕಿಂತ ಬೆಳಿಗ್ಗೆ ಒಂದು, ಸಂಜೆ ಒಂದು 19 ಸೀಟಿನದು ಬಂದರೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ವಾಪಸಾಗಬಹುದು. ಸೀಟಿನ ಲೆಕ್ಕದಲ್ಲಿ ಪುಟ್ಟ ವಿಮಾನ ದುಬಾರಿ, ಇದನ್ನು ನಾನು ಮುಚ್ಚಿಡುವುದಿಲ್ಲ. ಇಬ್ಬರು ಪೈಲಟ್‌ಗಳ ಸಂಬಳವನ್ನು ಎಪ್ಪತ್ತು ಜನ ಹಂಚಿಕೊಳ್ಳುವುದೂ ಹತ್ತೊಂಬತ್ತು ಜನ ಹಂಚಿಕೊಳ್ಳುವುದೂ ಒಂದೇ ಅಲ್ಲ. ಆರ್ಕ್ನಿಯವರು ಆ ಹೊರೆಯನ್ನು ರಸ್ತೆಗೆ ಮಾಡುವ ಖರ್ಚಿನಂತೆ ಹೊತ್ತಿದ್ದಾರೆ. ನಾವೂ ಹೊರಬೇಕು ಎಂಬುದು ನನ್ನ ಅಭಿಪ್ರಾಯ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ ಲಕ್ಷದ್ವೀಪದ ಬಗ್ಗೆ ಕೇಳಿದರು. ಮಂಗಳೂರಿನಲ್ಲಿ ಈ ಪ್ರಶ್ನೆ ಬರಲೇಬೇಕು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತು ಆ ಇಡೀ ದ್ವೀಪಸಮೂಹದಲ್ಲಿ ರನ್‌ವೇ ಇರುವುದು ಅಗತ್ತಿಯಲ್ಲಿ ಮಾತ್ರ. ಅದರ ಉದ್ದ ಸುಮಾರು 1,200 ಮೀಟರ್. ಡಾರ್ನಿಯರ್ ಅಲ್ಲಿ ಇಳಿದದ್ದುಂಟು. ಉಳಿದ ದ್ವೀಪಗಳಿಗೆ ಹಡಗು, ಇಲ್ಲವೇ ಹೆಲಿಕಾಪ್ಟರ್. ಐಲ್ಯಾಂಡರ್‌ಗಾದರೆ 400 ಮೀಟರ್ ಒಳಗೇ ಏರಲು ಸಾಧ್ಯ, ಆದರೆ ಸುರಕ್ಷತೆಯ ಅಂಚು ಸೇರಿಸಿದರೆ ಅದರ ಎರಡು ಪಟ್ಟಾದರೂ ನೆಲ ಬೇಕು. ಮೂರು ಕಿಲೋಮೀಟರ್ ಉದ್ದದ ದ್ವೀಪದಲ್ಲಿ ಅಷ್ಟು ತೆಂಗಿನ ಮರ ಕಡಿಯುವುದು ಸಣ್ಣ ಮಾತಲ್ಲ.

ಇಲ್ಲಿ ಟ್ವಿನ್ ಆಟರ್ ಬರುತ್ತದೆ. ಮಡಚದ ಗಾಲಿ, ಒಂದೇ ಅಗಲದ ರೆಕ್ಕೆ, ಒತ್ತಡವಿಲ್ಲದ ಕ್ಯಾಬಿನ್, ಜೊತೆಗೆ ಟರ್ಬೊಪ್ರಾಪ್ ಎಂಜಿನ್. ನೇಪಾಳದ ಲುಕ್ಲಾದಲ್ಲಿ 527 ಮೀಟರಿನ ಇಳಿಜಾರು ರನ್‌ವೇಯಲ್ಲಿ ಇಳಿಯುವುದು ಅದೇ. 1988ರಲ್ಲಿ ತಯಾರಿಕೆ ನಿಂತು, ಬೇಡಿಕೆ ನಿಲ್ಲದೆ, 2010ರಲ್ಲಿ ಮತ್ತೆ ಹೊಸವು ಹಾರತೊಡಗಿದವು. ಗಾಲಿ ಬಿಚ್ಚಿ ತೇಲುವ ದೋಣಿಗಾಲು ಹಾಕಿದರೆ ನೀರಿನ ಮೇಲೆ ಇಳಿಯುತ್ತದೆ. ಲಕ್ಷದ್ವೀಪದ ಮಿನಿಕಾಯ್‌ನ ದಕ್ಷಿಣಕ್ಕಿರುವ ಮಾಲ್ಡೀವ್ಸ್‌ನಲ್ಲಿ ಇಂಥವು ಹತ್ತಾರು ಇವೆ. 2024ರ ನವೆಂಬರಿನಲ್ಲಿ ಕೊಚ್ಚಿಯಿಂದ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯಕ್ಕೆ ಒಂದನ್ನು ಹಾರಿಸಿ ತೋರಿಸಿದ್ದೂ ಆಗಿದೆ.

ಆದರೆ ಮುಂಗಾರಿನಲ್ಲಿ ಸಮುದ್ರ ಕೆರಳಿರುವಾಗ, ಕತ್ತಲಾದ ಮೇಲೆ, ಸೀಪ್ಲೇನ್ ಇಳಿಸಲಾಗದು. ಹೆರಿಗೆ ನೋವಿನ ತಾಯಿಯನ್ನು ಕಿಲ್ತಾನ್‌ನಿಂದ ಕರೆತರಬೇಕಾಗುವುದು ಅಂಥ ರಾತ್ರಿಯೂ ಇರಬಹುದು. ಅದಕ್ಕೆ ಹೆಲಿಕಾಪ್ಟರೇ ಬೇಕು. ಹಗಲಿನ ಮಾಮೂಲಿ ಓಡಾಟಕ್ಕೆ, ದ್ವೀಪದ ಹವಳದ ದಿಬ್ಬದೊಳಗಿನ ನೀರು ಶಾಂತವಾಗಿರುವ ಅಕ್ಟೋಬರ್‌ನಿಂದ ಮೇವರೆಗೆ, ಟ್ವಿನ್ ಆಟರ್ ಸಾಕು. ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: ಮೊದಲು ಅಮಿನಿ, ಕದ್ಮತ್‌ನವರ ಹತ್ತಿರ ಹೋಗಿ, ಯಾರು ಎಲ್ಲಿಗೆ ಯಾವ ತಿಂಗಳು ಏನು ಹೊತ್ತುಕೊಂಡು ಹೋಗುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ವಿಮಾನದ ಆಯ್ಕೆ ಆಮೇಲೆ.